ಸುಂಟಿಕೊಪ್ಪ ದಾರಿಯ ನರ್ಸರಿ: ಮುಂದಿನ ಸಾಲಿಗೆ ಮರುಳಾಗ್ಬೇಡಿ, ಸೀದಾ ಹಿಂದಕ್ಕೆ ಹೋಗಿ

ಮೂರು ವರ್ಷದಿಂದ ಈ ನರ್ಸರಿಗೆ ಹೋಗ್ತಾ ಇದ್ದೀನಿ, ಲೆಕ್ಕ ಹಾಕಿದ್ರೆ ಹತ್ರ ಹತ್ರ 15 ಸಾವಿರ ಅಲ್ಲಿ ಸುರಿದಿದ್ದೀನಿ, ಹಾಗಾಗಿ ನಾಕು ಮಾತು ಬರೆಯೋ ಹಕ್ಕು ನಂಗಿದೆ ಅಂದ್ಕೊಳ್ತೀನಿ. ಹೆಸರು ಹಾಕಲ್ಲ. ಕೆಳಗೆ ಬೈದಿದ್ದೂ ಇದೆ ಹೊಗಳಿದ್ದೂ ಇದೆ, ಆದ್ರೆ ಜನ ಬೈದಿದ್ದನ್ನ ಮಾತ್ರ ನೆನಪಿಟ್ಕೊಳ್ತಾರೆ, ಚಿಕ್ಕ ಊರು, ನಾಳೆ ಮತ್ತೆ ಅವ್ರ ಹತ್ರನೇ ಗಿಡಕ್ಕೆ ಹೋಗಿ ನಿಲ್ಬೇಕು. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯೋ ದಾರಿ, ಸುಂಟಿಕೊಪ್ಪ ದಾಟಿದ್ಮೇಲೆ ಅಂದ್ರೆ ಸಾಕು, ಆ ರೋಡಲ್ಲಿ ಓಡಾಡೋರಿಗೆ ಅಂದಾಜಾಗುತ್ತೆ, ಆಗದಿದ್ರೂ ಪರ್ವಾಗಿಲ್ಲ, ನಾನು ಹೇಳೋದು ನಮ್ಮ ಕಡೆ ಯಾವ ನರ್ಸರಿಗೆ ಹೋದ್ರೂ ಉಪಯೋಗಕ್ಕೆ ಬರುತ್ತೆ.

ಮೊದ್ಲು ನಮ್ಮನೆ ಕಥೆ ಹೇಳ್ಬೇಕು ಇಲ್ಲಾಂದ್ರೆ ಇಷ್ಟು ಗಿಡ ಯಾಕೆ ತಗೊಂಡ್ಲು ಇವ್ಳು ಅಂತ ಅನ್ಸುತ್ತೆ. ನಮ್ದು ಗಾಳಿಬೀಡು ಕಡೆ. 2018ರ ಆಗಸ್ಟಲ್ಲಿ ಮನೆ ಹಿಂದಿನ ಬರೆ, ಅಂದ್ರೆ ಗುಡ್ಡದ ಇಳಿಜಾರು, ಕುಸಿದು ಅತ್ತೆ ನಲವತ್ತು ವರ್ಷದಿಂದ ಮಾಡ್ಕೊಂಡು ಬಂದಿದ್ದ ಹೂದೋಟ ಪೂರ್ತಿ ಕೆಸರಡಿಗೆ ಹೋಯ್ತು. ಮನೆ ಉಳೀತು, ಅದೇ ದೊಡ್ಡದು, ಹೂವಿಗೆ ಯಾರು ಅಳ್ತಾರೆ ಅಂತ ಆಗ ಅಂದ್ಕೊಂಡಿದ್ವಿ. ಆದ್ರೆ ಅತ್ತೆ ಅದಾದ್ಮೇಲೆ ಆ ಕಡೆ ಬಾಗ್ಲು ತೆಗೆಯೋದನ್ನೇ ಬಿಟ್ಬಿಟ್ರು. ತಡೆಗೋಡೆ ಕಟ್ಟಿ, ಮಣ್ಣು ಸಾಗ್ಸಿ, ಜಾಗ ಒಂದು ಹದಕ್ಕೆ ಬರೋಕೆ ವರ್ಷಗಳೇ ಹಿಡೀತು. ಆಮೇಲೆ ಶುರುವಾಗಿದ್ದು ನನ್ನ ಈ ನರ್ಸರಿ ಯಾತ್ರೆ.

ಜಾಗ ಹೇಗಿದೆ ಅಂದ್ರೆ, ರೋಡಿಗೆ ತಾಗಿದ ಹಾಗೆ ಮುಂದೆ ನಾಕು ಸಾಲು ಬರೀ ಬಣ್ಣ. ಪೆಟೂನಿಯಾ ನೇತಾಕಿರೋ ಕುಂಡಗಳು, ಕೆಂಪು ಜೆರೇನಿಯಂ, ಅಂಗೈಯಷ್ಟು ಕುಂಡದಲ್ಲಿ ಮಿನಿ ಗುಲಾಬಿ, ಚೆಂಡಿನ ಥರ ತುಂಬ್ಕೊಂಡಿರೋ ಸೇವಂತಿಗೆ. ಬೆಂಗ್ಳೂರು ಕಾರುಗಳು ನಿಲ್ಲೋದೇ ಅಲ್ಲಿ, ಕಾಫಿಪುಡಿ ಜೇನು ಚಾಕ್ಲೇಟ್ ಜೊತೆ ಒಂದು ಗಿಡನೂ ಡಿಕ್ಕಿಗೆ. ಅದನ್ನ ನೋಡ್ಕೊಳ್ಳೋದು ಓನರ್ ಮಗ. ಹುಡ್ಗ ಒಳ್ಳೆಯವ್ನೇ, ನಗ್ತಾ ಮಾತಾಡ್ತಾನೆ, ಕಾರಿಗೆ ಎತ್ತಿಡ್ತಾನೆ, ಆದ್ರೆ ಏನು ಕೇಳಿದ್ರೂ "ಆಗುತ್ತೆ ಆಂಟಿ, ನಿಮ್ ಕಡೆ ಚೆನ್ನಾಗಿ ಬರುತ್ತೆ" ಒಂದೇ ಉತ್ರ. ಹಿಂದಕ್ಕೆ ಹೋದ್ರೆ, ಸಿಲ್ವರ್ ಓಕ್ ಸಾಲು ದಾಟಿ ಇಳಿಜಾರಲ್ಲಿ ಗ್ರೀನ್ ನೆಟ್ ಹಾಕಿದ ಎರಡು ಶೆಡ್ ಇದೆ, ಅದು ಅವನ ಅಮ್ಮನ ರಾಜ್ಯ. ಅರವತ್ತು ದಾಟಿದ ಹೆಂಗ್ಸು, ಎಲ್ರೂ ಅಕ್ಕ ಅಂತಾರೆ, ನಾನೂ ಹಾಗೇ ಅಂತೀನಿ. ಗಂಬೂಟು, ಮೇಲೊಂದು ಗಂಡಸರ ಹಳೇ ಶರ್ಟು, ಕೈಯಲ್ಲೊಂದು ಸಣ್ಣ ಕತ್ತಿ. ಅವ್ರು ನಗೋದು ಕಮ್ಮಿ. ಇಡೀ ರಿವ್ಯೂ ಒಂದೇ ಸಾಲಲ್ಲಿ ಬೇಕು ಅನ್ನೋರು ಇಲ್ಲೇ ನಿಲ್ಸಿ: ಮಗನ ಹತ್ರ ತಗೊಂಡಿದ್ದು ಮುಕ್ಕಾಲು ಪಾಲು ಸತ್ತಿದೆ, ಅಮ್ಮನ ಹತ್ರ ತಗೊಂಡಿದ್ದು ಮುಕ್ಕಾಲು ಪಾಲು ಬದುಕಿದೆ.

ಮೊದಲನೇ ವರ್ಷ ನಾನು ಮಾಡಿದ ದಡ್ಡತನ ಕೇಳಿ. ಜನವರಿ ಕೊನೇಲಿ ರಾಜಾಸೀಟಲ್ಲಿ ಫಲಪುಷ್ಪ ಪ್ರದರ್ಶನ ನೋಡ್ಕೊಂಡು ಬಂದು ಆಸೆ ತಲೆಗೇರಿತ್ತು, ಆದ್ರೆ ಹೋಗೋಕೆ ಟೈಮ್ ಸಿಕ್ಕಿದ್ದು ಜೂನ್ ಮೊದಲ ವಾರ. ಮುಂದಿನ ಸಾಲಲ್ಲಿ ಕಸಿ ಗುಲಾಬಿ ಇತ್ತು, ಒಂದೊಂದು 120 ರೂಪಾಯಿ, ಆರು ತಗೊಂಡೆ, ಕೆಂಪು ಎರಡು ಹಳದಿ ಎರಡು, ಇನ್ನೆರಡು ಅದೆಂಥದೋ ಡಬಲ್ ಕಲರ್. ಜೂನಲ್ಲಿ ಗುಲಾಬಿ ನೆಡ್ತೀರಾ ಅಂತ ಒಂದು ಮಾತು ಕೇಳ್ಲಿಲ್ಲ ಹುಡ್ಗ. ನಂಗೂ ಗೊತ್ತಿರ್ಲಿಲ್ಲ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಬೀಳುತ್ತೆ, ತೋಟದವರ ಲೆಕ್ಕದಲ್ಲಿ 120 ಇಂಚು, ಅದ್ರಲ್ಲಿ ಜಾಸ್ತಿ ಪಾಲು ಜೂನ್ ಜುಲೈ ಆಗಸ್ಟಲ್ಲೇ ಸುರಿದು ಮುಗಿಯುತ್ತೆ. ಕುಶಾಲನಗರದಲ್ಲಿ ಅದ್ರ ಅರ್ಧನೂ ಇಲ್ಲ, ಕಾರಲ್ಲಿ ಮುಕ್ಕಾಲು ಗಂಟೆ ದಾರಿ ಅಷ್ಟೇ, ಆದ್ರೆ ಗಿಡಕ್ಕೆ ಅದು ಬೇರೆ ದೇಶ. ಗುಲಾಬಿ ಎಲೆ ಮೇಲೆ ಕಪ್ಪು ಚುಕ್ಕೆ ಬರೋ ಶಿಲೀಂಧ್ರಕ್ಕೆ ಎಲೆ ಒಂದೇ ಸಮ ಏಳು ಗಂಟೆ ಒದ್ದೆ ಇದ್ರೆ ಸಾಕಂತೆ ಅಂಟಿಕೊಳ್ಳೋಕೆ. ಏಳು ಗಂಟೆ! ನಮ್ಮಲ್ಲಿ ಜುಲೈಯಲ್ಲಿ ಹೊರಗೆ ಒಣಗೋಕೆ ಹಾಕಿದ ಟವೆಲ್ಲು ಏಳು ದಿನ ಆದ್ರೂ ಒಣಗಲ್ಲ ಮಾರ್ರೆ. ಕಕ್ಕಡ (ಜುಲೈ ನಡುವೆ ಶುರುವಾಗೋ ಕೊಡಗಿನ ಮಳೆ ತಿಂಗಳು) ಬರೋ ಹೊತ್ತಿಗೆ ಆರೂ ಗಿಡದಲ್ಲಿ ಒಂದೆಲೆ ಇರ್ಲಿಲ್ಲ, ಕೊಡೆ ಕಡ್ಡಿ ಚುಚ್ಚಿಟ್ಟ ಹಾಗೆ ಕಾಣ್ತಿತ್ತು.

ಐದು ಸತ್ತಿದ್ದನ್ನ ಕಿತ್ತಾಗ ಇನ್ನೊಂದು ವಿಷ್ಯ ಗೊತ್ತಾಯ್ತು. ಕವರ್ ಬಿಚ್ಚಿ ಹಾಗೇ ನೆಟ್ಟಿದ್ದೆನಲ್ಲ, ಬೇರಿನ ಸುತ್ತ ಕ್ರಿಕೆಟ್ ಬಾಲ್ ಗಾತ್ರದ ಜೇಡಿಮಣ್ಣಿನ ಉಂಡೆ ಹಾಗೇ ಇತ್ತು, ಮುಷ್ಟಿಲಿ ಹಿಡ್ಕೊಂಡು ಒತ್ತಿದ್ರೆ ಸೋಪಿನ ಥರ ಜಾರ್ತಿತ್ತು, ಒಡೆದು ಮೂಗಿಗೆ ಹಿಡಿದ್ರೆ ಚರಂಡಿ ವಾಸ್ನೆ. ಒಂದು ಬೇರೂ ಆಚೆ ಬಂದಿರ್ಲಿಲ್ಲ. ಆಮೇಲೆ ಅಕ್ಕ ಹೇಳಿದ್ರು, ಮುಂದಿನ ಸಾಲಿನ ಗಿಡ ಅವ್ರು ಬೆಳ್ಸೋದಲ್ಲ, ಹೊರಗಿಂದ ಲಾರೀಲಿ ಬರುತ್ತೆ ಅಂತ. ಆಂಧ್ರದಲ್ಲಿ ಗೋದಾವರಿ ತೀರದ ಕಡಿಯಂ ಅಂತ ಊರಿದೆ, ಊರಿಗೆ ಊರೇ ನರ್ಸರಿ, ದೇಶಕ್ಕೆಲ್ಲ ಗಿಡ ಅಲ್ಲಿಂದ ಹೋಗುತ್ತೆ. ಅಷ್ಟು ದೂರ ಬರೋವಾಗ ಮಣ್ಣಿನ ಉಂಡೆ ಒಡೆಯಬಾರ್ದು, ಒಡೆದ್ರೆ ಬೇರು ಒಣಗುತ್ತೆ, ಅದಕ್ಕೆ ಅಂಟು ಮಣ್ಣು. ಅದು ಅವ್ರ ತಪ್ಪಲ್ಲ. ಇಲ್ಲಿ ತಂದು ಮಾರೋರು "ಉಂಡೆನ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ ನೆಡಿ" ಅಂತ ಹೇಳ್ಬೇಕಿತ್ತು, ಅದು ತಪ್ಪು. ಈಗ ನಾನು ಹೊರಗಿನ ಗಿಡ ತಂದ್ರೆ ಬಕೆಟ್ಟಲ್ಲಿ ಅರ್ಧ ಗಂಟೆ ಇಟ್ಟು ಬೆರಳಲ್ಲಿ ಅರ್ಧಕ್ಕರ್ಧ ಮಣ್ಣು ತೆಗ್ದು ಆಮೇಲೆ ನೆಡೋದು, ಅದೂ ಮಳೆ ನಿಂತ ಮೇಲೆ.

ಆರನೇದು ಬದುಕ್ತು. ಹುಚ್ಚು ಹಿಡಿದ ಹಾಗೆ ಬೆಳೀತು, ಡಿಸೆಂಬರ್ ಅಷ್ಟೊತ್ತಿಗೆ ನನ್ನ ಹೆಗಲಿಗೆ ಬಂತು, ನಾನು ಮನೆಗೆ ಬಂದವರಿಗೆಲ್ಲ ತೋರ್ಸಿದ್ದೇ ತೋರ್ಸಿದ್ದು. ಹೂ ಬಿಟ್ಟಾಗ ನೋಡಿದ್ರೆ ಗೊಂಚಲು ಗೊಂಚಲು ಬೆರಳುಗುರಿನಷ್ಟು ಬಿಳಿ ಹೂ! ನಾನು ತಂದಿದ್ದು ಕೆಂಪು. ಫೋಟೋ ತೆಗ್ದು ಜಗಳಕ್ಕೇ ಹೋದೆ. ಮಗ "ಮಿಸ್ಟೇಕ್ ಆಗಿರ್ಬೇಕು ಆಂಟಿ, ಬೇರೆ ತಗೊಳ್ಳಿ, 20 ರೂಪಾಯಿ ಕಮ್ಮಿ ಮಾಡ್ತೀನಿ" ಅಂದ. ಕಮ್ಮಿ ಮಾಡ್ತಾನಂತೆ! ಅಷ್ಟೊತ್ತಿಗೆ ಅಕ್ಕ ಹಿಂದಿಂದ ಬಂದು ಫೋಟೋ ನೋಡಿ "ಇದು ಬೇರುಗಿಡ" ಅಂದ್ರು. ಅಲ್ಲೇ ಒಂದು ಗಿಡ ಎತ್ತಿ ಬುಡ ತೋರ್ಸಿದ್ರು. ಕಸಿ ಗುಲಾಬಿ ಅಂದ್ರೆ ಕೆಳಗಡೆ ಗಟ್ಟಿ ಜಾತಿ ಕಾಡು ಗುಲಾಬಿಯ ಬೇರು, ಅದ್ರ ತೊಗಟೆ ಸೀಳಿ ನಮ್ಗೆ ಬೇಕಾದ ಜಾತಿದು ಒಂದು ಕಣ್ಣು ಕೂರ್ಸಿರ್ತಾರೆ. ಕೂರ್ಸಿದ ಜಾಗ ಗಂಟಿನ ಥರ ಉಬ್ಬಿರುತ್ತೆ. ಗಂಟಿನ ಮೇಲಿಂದ ಬಂದಿದ್ದು ನಮ್ದು, ಕೆಳಗಿಂದ ಬಂದಿದ್ದು ಕಾಡಿಂದು. ಕೆಳಗಿನ ಚಿಗುರು ಬಿಟ್ರೆ ಇಡೀ ಗಿಡನ ಅದೇ ನುಂಗುತ್ತೆ, ಮೇಲಿಂದು ಸೊರಗಿ ಸಾಯುತ್ತೆ. ನನ್ನದ್ರಲ್ಲಿ ಆಗಿದ್ದು ಅದೇ, ಕೆಂಪು ಸತ್ತು ಕಾಡು ಎದ್ದಿತ್ತು. ಎಲೆ ಎಣ್ಸಿದ್ರೆ ಒಂದು ಕಡ್ಡಿಗೆ ಏಳು, ಪಕ್ಕದ ಕಸಿದ್ರಲ್ಲಿ ಐದು. ಎಲೆ ಎಣ್ಸೋದೊಂದನ್ನೇ ನಂಬ್ಬೇಡಿ, ಕೆಲವು ಜಾತಿಲಿ ನಮ್ದೇ ಗುಲಾಬಿಗೂ ಏಳು ಬರುತ್ತೆ, ಚಿಗುರು ಗಂಟಿನ ಮೇಲಿಂದ ಬಂತೋ ಕೆಳಗಿಂದ ಬಂತೋ ಅದು ಮುಖ್ಯ. ಅಂಥ ಚಿಗುರು ಕತ್ತರಿಸಿದ್ರೆ ಮತ್ತೆ ಬರುತ್ತೆ, ಮಣ್ಣು ಬಿಡಿಸಿ ಹುಟ್ಟಿದ ಜಾಗದಿಂದಾನೇ ಕಿತ್ತು ಹಾಕ್ಬೇಕು.

ಈ ಪಾಠ ಆದ್ಮೇಲೆ ನಾನು ಮುಂದಿನ ಸಾಲು ನೋಡೋದೇ ಬಿಟ್ಟೆ. ಎರಡನೇ ವರ್ಷ ಮೇ ಕೊನೇಲಿ ಸೀದಾ ಹಿಂದಕ್ಕೆ ಹೋಗಿ ಅಕ್ಕನ ಹತ್ರ ಅವ್ರೇ ಕಸಿ ಮಾಡಿದ್ದ ಗುಲಾಬಿ ಕೇಳ್ದೆ. ಕೊಡ್ಲಿಲ್ಲ.

"ನಿಮ್ದು ಗಾಳಿಬೀಡಲ್ವಾ, ಈಗ ಬೇಡ. ತುಲಾ ಸಂಕ್ರಮಣ ಕಳೀಲಿ, ಆಮೇಲೆ ಬಾ."

"ಅಕ್ಕಾ, ಇಷ್ಟು ದೂರ ಬಂದಿದ್ದೀನಿ, ಸಿಟೌಟಲ್ಲಿ ಇಟ್ಕೊಳ್ತೀನಿ."

"ಸಿಟೌಟಿಗೆ ಬಿಸಿಲು ತರ್ತೀಯಾ?"

ಅಷ್ಟೇ, ತಿರುಗಿ ಕೆಲಸ ಮಾಡೋಕೆ ಶುರು ಮಾಡಿದ್ರು. ದುಡ್ಡು ಕೊಡ್ತೀನಿ ಅಂದ್ರೂ ಮಾರದೇ ಇರೋ ಅಂಗಡಿ ನಾನು ನೋಡಿದ್ದು ಇದೊಂದೇ. ಸಿಟ್ಟು ಬಂತು ನಿಜ, ಆದ್ರೆ ಅಕ್ಟೋಬರ್ 20ರ ಮೇಲೆ ಹೋಗಿ ತಂದ ನಾಕು ಗಿಡ ಈಗ್ಲೂ ಇದೆ. ಸವರೋದು ಹೇಗೆ ಅಂತ ಒಂದು ಗಿಡದ ಮೇಲೆ ಮಾಡಿ ತೋರ್ಸಿದ್ರು, ಆಚೆ ಕಡೆ ನೋಡ್ತಿರೋ ಮೊಗ್ಗಿನ ಕಾಲಿಂಚು ಮೇಲೆ ಓರೆಯಾಗಿ, ಒಳಗೆ ಒಂದಕ್ಕೊಂದು ಉಜ್ಜೋ ಕಡ್ಡಿ ತೆಗ್ದು ಗಾಳಿ ಆಡೋ ಹಾಗೆ. ಮಳೆ ಕಳ್ದು ಸವರಿದ್ರೆ ಸುಮಾರು ಒಂದೂವರೆ ತಿಂಗ್ಳಿಗೆ ಹೂ, ಅಂದ್ರೆ ಪುತ್ತರಿ, ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ. ಬಂತು. ಕತ್ತರಿಸಿದ ತುದಿಗೆ ಬೋರ್ಡೋ ಪೇಸ್ಟ್ ಹಚ್ಚಿ ಅಂದ್ರು, ಅದು ನಂಗೆ ಹೊಸದೇನಲ್ಲ, ಕರಿಮೆಣಸಿಗೆ ಹೊಡೆಯೋಕೆ ಮೈಲುತುತ್ತ ಸುಣ್ಣ ಮನೇಲಿ ಯಾವಾಗ್ಲೂ ಇರುತ್ತೆ. ಗುಲಾಬಿಗೂ ಅದೇ ಒಂದು ಪರ್ಸೆಂಟು ದ್ರಾವಣ, 10 ಲೀಟರಿಗೆ 100 ಗ್ರಾಂ ತುತ್ತ 100 ಗ್ರಾಂ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣಕ್ಕೆ ಹುಯ್ಯೋದು, ಆಮೇಲೆ ಒಂದು ಹಳೇ ಬ್ಲೇಡು ಅದ್ದಿ ನೋಡೋದು, ಬ್ಲೇಡಿಗೆ ತಾಮ್ರದ ಕೆಂಪು ಹತ್ತಿದ್ರೆ ಇನ್ನೊಂಚೂರು ಸುಣ್ಣ. ಮಾಡಿದ ದಿನಾನೇ ಹೊಡೆದು ಮುಗಿಸ್ಬೇಕು. ಗುಲಾಬಿ ಎಲೆ ಎಲ್ಲ ನೀಲಿ ಬಡ್ಕೊಂಡು ಫೋಟೋಗೆ ಚೆನ್ನಾಗಿ ಕಾಣಲ್ಲ, ಅದೊಂದೇ.

ಹೈಡ್ರಾಂಜಿಯಾ ವಿಷ್ಯಕ್ಕೆ ಬಂದ್ರೆ ಇಲ್ಲಿ ನಾನೇ ಸೋತಿದ್ದು. ಅಕ್ಕನ ಶೆಡ್ಡಲ್ಲಿ ಒಂದು ಗುಲಾಬಿ ಬಣ್ಣದ್ದು ಇತ್ತು, ಹೂಗೊಂಚಲು ಮಕ್ಕಳ ತಲೆಯಷ್ಟು, 150 ರೂಪಾಯಿ. ಕರೆಕ್ಟಾಗಿ ಆ ಬಣ್ಣ ಬೇಕು ಅಂತಾನೇ ತಂದೆ. ಮುಂದಿನ ವರ್ಷ ಮೊದಲ ಹೂ ಬಂದಾಗ ಒಂಥರಾ ನೇರಳೆ, ಅದಾದ ವರ್ಷ ಪೂರ್ತಿ ನೀಲಿ, ನಮ್ಮೂರಲ್ಲಿ ಎಲ್ಲರ ಮನೆ ಗೇಟಿನ ಹತ್ರ ಇರುತ್ತಲ್ಲ ಅದೇ ನೀಲಿ. ಮತ್ತೆ ಫೋಟೋ ಹಿಡ್ಕೊಂಡು ಹೋದೆ, ಮತ್ತೆ ಬೇರೆ ಗಿಡ ಕೊಟ್ರಿ ಅಂತ. ಅಕ್ಕ ಆವತ್ತು ನಕ್ಕಿದ್ದು, ಮೂರು ವರ್ಷದಲ್ಲಿ ಒಂದೇ ಸಲ.

ವಿಷ್ಯ ಇಷ್ಟು, ಮಣ್ಣು ಹುಳಿ ಇದ್ರೆ ಮಣ್ಣಲ್ಲಿರೋ ಅಲ್ಯುಮಿನಿಯಂ ಕರಗಿ ಗಿಡಕ್ಕೆ ಸಿಗುತ್ತೆ, ಅದು ಹೂವಿಗೆ ಹೋಗಿ ನೀಲಿ ಮಾಡುತ್ತೆ. ಸುಣ್ಣ ಹಾಕಿದ್ರೆ ಅದು ಸಿಗಲ್ಲ, ಗುಲಾಬಿ ಬಣ್ಣ ಉಳಿಯುತ್ತೆ. ನಮ್ಮ ತೋಟದ ಮಣ್ಣು ಟೆಸ್ಟ್ ಮಾಡಿಸಿದಾಗ ಪಿಎಚ್ 5.2 ಬಂದಿತ್ತು, ಅಂದ್ರೆ ಹುಳಿ ಮಣ್ಣು, ಕಾಫಿಗೆ ಅಂತ ಕೃಷಿ ಸುಣ್ಣ ಹಾಕ್ತಾನೇ ಇರ್ತೀವಿ, ಹೂವಿಗೆ ಹಾಕೋದು ತಲೆಗೇ ಹೋಗಿರ್ಲಿಲ್ಲ. ಬಿಳಿ ಹೈಡ್ರಾಂಜಿಯಾ ಮಾತ್ರ ಏನು ಮಾಡಿದ್ರೂ ನೀಲಿ ಆಗಲ್ಲ. ಈಗ ಒಂದು ಗಿಡ ನೆಲದಲ್ಲಿ ನೀಲಿ, ಅದ್ರದ್ದೇ ಕಡ್ಡಿಯಿಂದ ಮಾಡಿದ್ದು ಸುಣ್ಣ ಬೆರೆಸಿದ ಕುಂಡದಲ್ಲಿ ಗುಲಾಬಿ, ಬಂದವ್ರು ಎರಡು ಜಾತಿ ಅಂದ್ಕೊಳ್ತಾರೆ, ನಾನೂ ಸುಮ್ನಿರ್ತೀನಿ.

ಅದಕ್ಕಿಂತ ದೊಡ್ಡ ತಪ್ಪು ಡಿಸೆಂಬರಲ್ಲಿ ಗುಲಾಬಿ ಸವರಿದ ಖುಷೀಲಿ ಕತ್ತರಿ ಹಿಡ್ಕೊಂಡು ಹೈಡ್ರಾಂಜಿಯಾನೂ ಬುಡಕ್ಕೆ ಕತ್ತರಿಸಿದ್ದು. ಆ ವರ್ಷ ಎಲೆ ಬಂತು ಎಲೆ ಬಂತು ಬರೀ ಎಲೆ. ಅದು ಹಳೇ ಕಡ್ಡಿ ಮೇಲೇನೇ ಹೂ ಬಿಡೋ ಗಿಡವಂತೆ, ಮೊಗ್ಗು ಹಿಂದಿನ ವರ್ಷಾನೇ ತುದೀಲಿ ಕೂತಿರುತ್ತೆ, ನಾನು ಮೊಗ್ಗನ್ನೇ ಕಡಿದು ಗೊಬ್ಬರದ ಗುಂಡಿಗೆ ಹಾಕಿದ್ದೆ. ಸವರೋದಾದ್ರೆ ಹೂ ಒಣಗಿದ ಕೂಡ್ಲೇ ಸವರ್ಬೇಕು. ಗಿಡ ಕೊಡೋವಾಗ ಇದೊಂದು ಮಾತು ಅಕ್ಕನೂ ಹೇಳಿರ್ಲಿಲ್ಲ, ಅರ್ಧ ಸ್ಟಾರ್ ಕಟ್.

ಡೇರೆ ಹೂ, ಅಂದ್ರೆ ಡೇಲಿಯಾ. ಇದು ಅತ್ತೆ ಪ್ರಾಣ. ಕೆಸರಲ್ಲಿ ಹೋದ ತೋಟದಲ್ಲಿ ಅವ್ರದ್ದು ಹನ್ನೊಂದು ಬಣ್ಣದ ಡೇರೆ ಇತ್ತಂತೆ, ನಾನು ಮದುವೆಯಾಗಿ ಬಂದಾಗ ಎಣಿಸೋಕೆ ಹೋಗಿರ್ಲಿಲ್ಲ, ಅವ್ರು ಮಾತ್ರ ಒಂದೊಂದನ್ನೂ ಯಾರ ಮನೆಯಿಂದ ಬಂದಿದ್ದು ಅಂತ ಹೇಳ್ತಾರೆ. ಮುಂದಿನ ಕೌಂಟರಲ್ಲಿ ಬಣ್ಣದ ಫೋಟೋ ಇರೋ ಪ್ಯಾಕೆಟಲ್ಲಿ ಡೇಲಿಯಾ ಗೆಡ್ಡೆ ಇಟ್ಟಿದ್ರು, ಒಂದಕ್ಕೆ 60. ಐದು ತಂದು ಅತ್ತೆ ಮುಂದೆ ಇಟ್ಟೆ. ಅವ್ರು ಕನ್ನಡಕ ಹಾಕ್ಕೊಂಡು ಒಂದೊಂದೇ ತಿರುಗಿಸಿ ನೋಡಿ ಮೂರನ್ನ ಪಕ್ಕಕ್ಕೆ ಇಟ್ರು, "ಇದಕ್ಕೆ ಕಣ್ಣಿಲ್ಲ, ಇದನ್ನ ಬೇಯಿಸ್ಬೇಕಷ್ಟೆ" ಅಂದ್ರು. ನಾನು ಹಠಕ್ಕೆ ಐದೂ ಊರಿದೆ. ಎರಡೇ ಬಂತು.

ಇದು ಪ್ಯಾಕೆಟ್ ಗೆಡ್ಡೆ ತಗೊಳ್ಳೋ ಎಲ್ರಿಗೂ ಹೇಳ್ತಿದ್ದೀನಿ. ಡೇರೆ ಗೆಡ್ಡೆ ಆಲೂಗಡ್ಡೆ ಥರ ಅಲ್ಲ, ಮೈ ತುಂಬಾ ಕಣ್ಣಿರಲ್ಲ. ಕುತ್ತಿಗೆ ಹೋಗಿ ಹಳೇ ಕಾಂಡಕ್ಕೆ ಸೇರೋ ಜಾಗದಲ್ಲಿ ಮಾತ್ರ ಸೂಜಿ ತಲೆಯಷ್ಟು ಉಬ್ಬು ಇರುತ್ತೆ. ಕಾಂಡದ ಚೂರು ಅಂಟ್ಕೊಂಡಿರ್ಬೇಕು, ಕುತ್ತಿಗೆ ಮುರಿದಿರಬಾರ್ದು. ಇವೆರಡು ಇಲ್ಲಾಂದ್ರೆ ಗೆಡ್ಡೆ ಗೆಣಸಿನಷ್ಟು ದಪ್ಪ ಇದ್ರೂ ನೆಲದಲ್ಲಿ ಕೊಳೆಯುತ್ತೆ ಅಷ್ಟೇ. ಪ್ಯಾಕೆಟ್ ಪ್ಲಾಸ್ಟಿಕ್ಕಲ್ಲಿ ಅದು ಕಾಣೋದೇ ಇಲ್ಲ, ಬಿಚ್ಚಿ ನೋಡೋಕೆ ಬಿಡಲ್ಲ ಅಂದ್ರೆ ತಗೊಳ್ಬೇಡಿ. ಅತ್ತೆ ಕ್ರಮ ಏನಂದ್ರೆ ಗಿಡ ಒಣಗಿದ್ಮೇಲೆ ಗೆಡ್ಡೆ ಅಗೆದು, ಮಣ್ಣು ಉದುರಿಸಿ, ಎರಡು ದಿನ ನೆರಳಲ್ಲಿ ಆರಿಸಿ ಬೂದೀಲಿ ಹೊರಳಿಸಿ ಅಡುಗೆಮನೆ ಅಟ್ಟದ ಮೇಲೆ. ಮೊದಲ ಮಳೆ ಬಿದ್ದಾಗ ಕಣ್ಣು ಉಬ್ಬಿದ್ದು ನೋಡಿ ಸೂರಿನ ನೀರು ಬೀಳದ ಕಡೆ ಏರುಮಡಿ ಮಾಡಿ ಊರೋದು, ನಾಕೈದು ಜೊತೆ ಎಲೆ ಆದ್ಮೇಲೆ ಕುಡಿ ಚಿವುಟೋದು, ಕೋಲು ಕೊಡೋದು. ಅಕ್ಕನ ಹತ್ರ ಡೇರೆ ಇಲ್ಲ, ಆದ್ರೆ ಬಂದಿದ್ದ ಎರಡರಲ್ಲಿ ಒಂದರ ಕುಡಿ ಅವ್ರಿಗೆ ಕೊಟ್ಟಿದ್ದೆ, ಅದನ್ನ ಬೇರು ಬರಿಸಿ ಎಂಟು ಗಿಡ ಮಾಡಿ ಎರಡು ನಂಗೇ ವಾಪಸ್ ಕೊಟ್ರು. ದುಡ್ಡು ತಗೊಳ್ಲಿಲ್ಲ.

ಆಂಥೂರಿಯಂ ತಗೊಳ್ಳೋದಾದ್ರೆ ಕಣ್ಮುಚ್ಚಿ ಇಲ್ಲೇ ತಗೊಳ್ಳಿ, 180ರಿಂದ 250, ಸೈಜಿನ ಮೇಲೆ. ಕೆಂಪು ಬಿಳಿ ಪಿಂಕು, ಒಂದು ಹಸಿರು ಅಂಚಿಂದೂ ಇದೆ. ತೆಂಗಿನ ಸಿಪ್ಪೆ ತುಂಡು, ಇದ್ದಿಲು, ಇಟ್ಟಿಗೆ ಚೂರು, ಇದ್ರಲ್ಲೇ ಬೆಳ್ಸಿರ್ತಾರೆ, ಮಣ್ಣೇ ಇಲ್ಲ, ಹಾಗಾಗಿ ಎಷ್ಟು ಮಳೆ ಬಂದ್ರೂ ನೀರು ನಿಲ್ಲಲ್ಲ. ನಾವು ಹೂ ಅಂತ ಕರೆಯೋ ಕೆಂಪು ಹೊಳಪಿಂದು ನಿಜಕ್ಕೂ ಎಲೆನೇ, ಹೂ ಇರೋದು ಮಧ್ಯದ ಬತ್ತಿ ಮೇಲೆ, ಅದಕ್ಕೇ ಅಷ್ಟು ದಿನ ಬಾಳುತ್ತೆ, ನಮ್ಮನೇಲಿ ಲೋಟದ ನೀರಲ್ಲಿ ಮೂರು ವಾರ ಇತ್ತು. ನಂಗೆ ನಂಬಿಕೆ ಬಂದಿದ್ದು ಮಾತ್ರ ಬೇರೆ ಕಾರಣಕ್ಕೆ. ಅಕ್ಕ ಒಂದು ಗಿಡದ ಎಲೆ ಕೊಯ್ದ ಮೇಲೆ ಮುಂದಿನ ಗಿಡ ಮುಟ್ಟೋಕೆ ಮುಂಚೆ ಕತ್ತಿಯನ್ನ ಪಕ್ಕದಲ್ಲಿದ್ದ ಸ್ಪಿರಿಟ್ ಡಬ್ಬಿಗೆ ಅದ್ದಿ ಒರೆಸಿದ್ರು, ಮತ್ತೆ ಕೊಯ್ದ್ರು, ಮತ್ತೆ ಅದ್ದಿದ್ರು. ನಾನು ಅರ್ಧ ಗಂಟೆ ನಿಂತಿದ್ದೆ, ಒಂದು ಸಲನೂ ತಪ್ಪಿಸ್ಲಿಲ್ಲ. ಆಂಥೂರಿಯಂಗೆ ಬ್ಯಾಕ್ಟೀರಿಯಾದ ಒಂದು ಅಂಗಮಾರಿ ಬರುತ್ತೆ, ಎಲೆ ಅಂಚಲ್ಲಿ ಕಂದು ಕಲೆ ಸುತ್ತ ಹಳದಿ, ಅದು ಕತ್ತಿಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತೆ, ಇಡೀ ಶೆಡ್ ಹೋಗುತ್ತೆ. ಮುಂದಿನ ಸಾಲಲ್ಲಿ ಹುಡ್ಗ ಅದೇ ಕತ್ತರೀಲಿ ಗಿಡನೂ ಕತ್ತರಿಸ್ತಾನೆ, ಚಿಪ್ಸ್ ಪ್ಯಾಕೆಟೂ ಕತ್ತರಿಸ್ತಾನೆ.

ಈಗ ನಂಗೆ ನಿಜವಾಗಿ ಸಿಟ್ಟು ಬಂದ ವಿಷ್ಯ. ಕಳೆದ ವರ್ಷ ಮೇಲಿ ಮುಂದಿನ ಸಾಲಿಂದ ಒಂದು ಬಿಗೋನಿಯಾ ತಂದೆ, ಹಣೆಬರಹ, ಎಲೆ ಚಂದ ಇತ್ತು. ದೊಡ್ಡ ಕುಂಡಕ್ಕೆ ಹಾಕೋಣ ಅಂತ ಬೋರಲು ಹಾಕಿದ್ರೆ ಮಣ್ಣಿನ ತಳದಲ್ಲಿ ಸಬ್ಬಕ್ಕಿ ಥರ ಹಳದಿ ಬಿಳುಪಿನ ಕಾಳು, ಒಂದು ಹಿಡಿ. ಗೊಬ್ಬರದ ಗುಳಿಗೆ ಇರ್ಬೇಕು ಅಂದ್ಕೊಂಡು ಅಲ್ಲೇ ಬಿಟ್ಬಿಡ್ತಿದ್ದೆ, ಮಗಳು ಬಂದು ಒಂದನ್ನ ಉಗುರಲ್ಲಿ ಒತ್ತಿದ್ಳು, ಪಚ್ ಅಂತು. ಬಸವನಹುಳು ಮೊಟ್ಟೆ! ಆಫ್ರಿಕನ್ ದೊಡ್ಡ ಶಂಖದ ಹುಳು ಇದೆಯಲ್ಲ, ಸೋಮವಾರಪೇಟೆ ಕಡೆ ಕಾಫಿ ತೋಟಕ್ಕೆ ನುಗ್ಗಿ ಎಲೆ, ಕಾಯಿ, ತೊಗಟೆ ಎಲ್ಲ ಕೆರೆದು ತಿಂದು ಜನ ಮೂಟೆಗಟ್ಲೆ ಆರಿಸಿದ್ರಲ್ಲ, ಅದೇ. ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತೆ. ಕುದಿಯೋ ನೀರು ಹುಯ್ದೆ ಎಲ್ಲದಕ್ಕೂ, ಆದ್ರೂ ಒಂದಷ್ಟು ತಪ್ಪಿಸಿಕೊಂಡಿರ್ಬೇಕು ಅಥವಾ ಮುಂಚೆನೇ ಬೇರೆ ಕುಂಡದಲ್ಲಿ ಬಂದಿರ್ಬೇಕು, ಜುಲೈಲಿ ರಾತ್ರಿ ಟಾರ್ಚ್ ಬಿಟ್ರೆ ಡೇರೆ ಎಲೆ ಮೇಲೆ ಸಾಲಾಗಿ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ರೆ ಬೆಳಿಗ್ಗೆ ಅಲ್ಲಿ ಸೇರಿರುತ್ತೆ, ಆರಿಸಿ ಉಪ್ಪುನೀರಿನ ಬಕೆಟಿಗೆ, ಕೈಗೆ ಗ್ಲೌಸ್ ಹಾಕ್ಕೊಂಡು. ಗಿಡದ ಬುಡಕ್ಕೆ ಉಪ್ಪು ಚೆಲ್ಬೇಡಿ, ಗಿಡನೂ ಸಾಯುತ್ತೆ. ಅಂಗಡೀಲಿ ಸಿಗೋ ವಿಷದ ಗುಳಿಗೆ ನಾನು ತರ್ಲಿಲ್ಲ, ಮನೇಲಿ ಎರಡು ನಾಯಿ ಇದೆ, ಅದು ತಿಂದ್ರೆ ನಾಯಿನೂ ಹೋಗುತ್ತೆ. ಮೂರು ವಾರ ರಾತ್ರಿ ಒಂಬತ್ತಕ್ಕೆ ಕೊಡೆ ಹಿಡ್ಕೊಂಡು ಜಿಗಣೆ ಕಚ್ಚಿಸ್ಕೊಂಡು ಹುಳ ಆರಿಸಿದ್ದು ನಾನು. ಮಗನಿಗೆ ಫೋನ್ ಮಾಡಿ ಹೇಳಿದ್ರೆ "ಅದು ಎಲ್ಲಾ ಕಡೆ ಇದೆ ಆಂಟಿ" ಅಂತ. ಎಲ್ಲಾ ಕಡೆ ಇರೋದು ಹೀಗೆ ಕುಂಡದಲ್ಲಿ ಹೋಗಿ ಹೋಗಿನೇ ಅಲ್ವಾ ಮಾರಾಯ!

ಅವ್ರ ರೆಡಿ ಮಿಕ್ಸ್ ಮಣ್ಣು, 20 ಕೆಜಿ ಚೀಲ 250 ರೂಪಾಯಿ, ದಯವಿಟ್ಟು ತಗೊಳ್ಬೇಡಿ. ಕಾಫಿ ಹೊಟ್ಟು ಸರಿಯಾಗಿ ಕೊಳೆಯದೇ ಬೆರೆಸಿದ್ದಾರೆ. ಕುಂಡಕ್ಕೆ ತುಂಬಿ ಮೂರನೇ ದಿನ ಬೆರಳು ಹಾಕಿ ನೋಡಿದ್ರೆ ಬಾಣಂತಿ ನೀರಿನ ಹಾಗೆ ಬಿಸಿ. ನೆಟ್ಟಿದ್ದ ಸೇವಂತಿಗೆ ಸಸಿ ಸುಟ್ಟ ಹಾಗಾಯ್ತು. ಹೊಟ್ಟು ಒಳ್ಳೆ ಗೊಬ್ಬರನೇ, ಸಗಣಿ ಹಾಕಿ ಮಗುಚ್ತಾ ಆರು ತಿಂಗ್ಳು ಕೊಳೆಸಿದ್ರೆ. ಮನೇಲಿ ತೋಟ ಇರೋರಿಗೆ ಈ ಚೀಲ ಬೇಕಾಗೇ ಇಲ್ಲ, ಕಾಡುಮಣ್ಣು, ಹಳೇ ಗೊಬ್ಬರ, ಸ್ವಲ್ಪ ಭತ್ತದ ಹೊಟ್ಟು, ಒಂದು ಹಿಡಿ ಬೇವಿನ ಹಿಂಡಿ ಸಾಕು.

ಬೋಗನ್‌ವಿಲ್ಲಾ ಬಗ್ಗೆ ಒಂದೇ ಮಾತು. ಕುಶಾಲನಗರದವ್ರು ತಗೊಳ್ಳಿ, ನಾವು ಮಳೆ ಕಡೆಯವ್ರು ಬೇಡ, ನೀರು ಜಾಸ್ತಿ ಆದ್ರೆ ಅದು ಬರೀ ಮುಳ್ಳು ಎಲೆ ಬೆಳ್ಸುತ್ತೆ, ಬಾಯಾರಿದ್ರೆ ಮಾತ್ರ ಬಣ್ಣ ಕೊಡೋ ಗಿಡ ಅದು. ಪೆಟೂನಿಯಾ ನವೆಂಬರಿಂದ ಫೆಬ್ರವರಿಗೆ ಸರಿ, ಅದಾದ್ಮೇಲೆ ತಗೊಂಡ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆಗೇ ಮುದುಡಿ ಹೋಗುತ್ತೆ.

ಇನ್ನೆರಡು ವಿಷ್ಯ ಅಕ್ಕನ ಬಗ್ಗೆ. ಒಂದ್ಸಲ ನಾನಿದ್ದಾಗ್ಲೇ ಒಬ್ಬ ಗೋಣಿಲಿ ಸೀತಾಳೆ ದಂಡೆ (ಕಾಡು ಆರ್ಕಿಡ್) ತುಂಬ್ಕೊಂಡು ಬಂದಿದ್ದ, ಕಾಡಲ್ಲಿ ಮರದಿಂದ ಕಿತ್ತಿದ್ದು, ಬೇರಿಗೆ ತೊಗಟೆ ಹಾಗೇ ಅಂಟ್ಕೊಂಡಿತ್ತು, ಇನ್ನೂ ಹೂ ಇಳಿಬಿದ್ದಿತ್ತು ಪಾಪ. ಟೂರಿಸ್ಟ್‌ಗಳು ಕೇಳಿದ ರೇಟ್ ಕೊಡ್ತಾರೆ ಅದಕ್ಕೆ. ಅಕ್ಕ ಅವನನ್ನ ಗೇಟೊಳಗೆ ಬಿಡ್ಲಿಲ್ಲ, ಫಾರೆಸ್ಟ್‌ನವ್ರಿಗೆ ಫೋನ್ ಮಾಡ್ತೀನಿ ಅಂದಿದ್ದಕ್ಕೆ ಸ್ಕೂಟರ್ ತಿರುಗಿಸ್ಕೊಂಡು ಹೋದ. ಇನ್ನೊಂದು, ನಮ್ಮ ಪಕ್ಕದ ಮನೆ ಕೊಡವರ ಹುಡ್ಗ ಪ್ರತಿ ಸಲ ಕೈಲ್‌ಪೊಳ್ದಿಗೆ (ಕೊಡವರ ಆಯುಧಪೂಜೆ ಹಬ್ಬ) ಕೋವಿಗೆ ಸಿಕ್ಕಿಸೋಕೆ ತೋಕ್‌ಪೂ, ಅಂದ್ರೆ ಅಗ್ನಿಶಿಖೆ ಹೂ, ಹುಡುಕ್ತಾ ಅಲೀತಾನೆ, ಮುಂಚೆ ಬೇಲಿಗೆಲ್ಲ ಇರ್ತಿತ್ತು, ಈಗ ಕಳೆನಾಶಕ ಹೊಡೆದು ಹೊಡೆದು ಕಾಣೋದೇ ಕಮ್ಮಿ. ಅಕ್ಕನ ಹತ್ರ ಗೆಡ್ಡೆ ಇದೆಯಾ, ಎಷ್ಟು ಅಂತ ಕೇಳ್ದೆ. "ಅದಕ್ಕೆ ದುಡ್ಡು ತಗೊಳ್ತಾರಾ" ಅಂತ ಬೈದು ಎರಡು ಗೆಡ್ಡೆ ಪೇಪರಲ್ಲಿ ಸುತ್ತಿ ಕೊಟ್ರು, ನೇಗಿಲಿನ ಥರ ಬಾಗಿದ ಎರಡು ಕವಲಿನ ಗೆಡ್ಡೆ. ವಿಷ, ಮಕ್ಕಳ ಕೈಗೆ ಸಿಗದ ಹಾಗಿಡು, ಮುಟ್ಟಿದ್ಮೇಲೆ ಕೈ ತೊಳಿ ಅಂತ ಎರಡೆರಡು ಸಲ ಹೇಳಿದ್ರು. ಕಳೆದ ಸೆಪ್ಟೆಂಬರ್ 3ಕ್ಕೆ ನಾಕು ಹೂ ಇತ್ತು, ಹುಡ್ಗ ಬೆಳಿಗ್ಗೆ ಆರಕ್ಕೇ ಬಂದು ಮೂರು ಕೊಯ್ಕೊಂಡು ಹೋದ.

ಬಿಳಿ ಗೊಂಚಲಿನ ಆ ಕಾಡು ಗುಲಾಬಿ ಕಿತ್ತು ಹಾಕೋಣ ಅಂತ ಹಾರೆ ತಗೊಂಡು ಹೋದಾಗ ಅತ್ತೆ ಬಿಡ್ಲಿಲ್ಲ, ತಡೆಗೋಡೆ ಮೇಲೆ ಹಬ್ಬಿಸಿದ್ದಾರೆ. ಹಿಂದಿನ ಬಾಗ್ಲು ಈಗ ಬೆಳಿಗ್ಗೆ ತೆರೆದ್ರೆ ಸಂಜೆವರೆಗೂ ತೆರೆದೇ ಇರುತ್ತೆ, ಬೆಕ್ಕು ಒಳಗೆ ಬಂದು ಹಾಲು ಕುಡೀತಿದೆ ಅದೊಂದು ತಲೆನೋವು.

ಸ್ಟಾರ್ ಅಂದ್ರೆ ಹಿಂದಿನ ಶೆಡ್ಡಿಗೆ ನಾಲ್ಕೂವರೆ, ಮುಂದಿನ ಸಾಲಿಗೆ ಒಂದೂವರೆ, ಸರಾಸರಿ ಬೇಕಿದ್ರೆ ನೀವೇ ಮಾಡ್ಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ತೆಗೀತಾರೆ, ಮಧ್ಯಾಹ್ನ ಒಂದರಿಂದ ಎರಡೂವರೆ ಅಕ್ಕ ಇರಲ್ಲ ಆಗ ಹೋಗ್ಬೇಡಿ, ಬುಧವಾರ ರಜಾ. ಶನಿವಾರ ಭಾನುವಾರ ರೋಡ್ ಮೇಲೇ ಕಾರ್ ನಿಲ್ಸಿರ್ತಾರೆ, ತಿರುವಿನ ಹತ್ರ ಹುಷಾರು. ಹಿಂದಿನ ಶೆಡ್ಡಿಗೆ ಇಳಿಯೋ ದಾರಿ ಜಾರುತ್ತೆ, ಚಪ್ಪಲಿ ಬೇಡ. ಅಲ್ಲಿ ನೆಟ್‌ವರ್ಕ್ ಸಿಗಲ್ಲ, ಗೂಗಲ್ ಪೇ ಆಗಲ್ಲ, ಚಿಲ್ಲರೆ ಇಟ್ಕೊಂಡು ಹೋಗಿ, 500ರ ನೋಟು ಕೊಟ್ರೆ ಅಕ್ಕ ಮಗನ ಹತ್ರ ಕಳಿಸ್ತಾರೆ, ಅವನು ಬಾಕಿ ಬದ್ಲು ಇನ್ನೊಂದು ಪೆಟೂನಿಯಾ ಕೈಗಿಡ್ತಾನೆ.